ಚೈತ್ರದ ಬೆಂಗಳೂರಿಗೆ ಸಂಗೀತಕ್ಕಾಗಿ ಬರುವವರು ಪ್ರವಾಸವನ್ನು ಹೊಂದಿಸಿಕೊಳ್ಳುವ ಬಗೆ

ಬೇಸಿಗೆ ರಜೆಗೆ ಬೆಂಗಳೂರಿಗೆ ಬರುವ ಕುಟುಂಬಗಳು ಸಾಮಾನ್ಯವಾಗಿ ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಮೊದಲು ಬರೆದುಕೊಂಡು, ಸಂಜೆ ಬಿಡುವು ಸಿಕ್ಕರೆ ಒಂದು ಸಂಗೀತ ಕಛೇರಿಯನ್ನೂ ಕೇಳಿದರಾಯಿತು ಎಂದುಕೊಳ್ಳುತ್ತವೆ. ಆ ಬಿಡುವು ಸಿಗುವುದೇ ಇಲ್ಲ. ಬನ್ನೇರುಘಟ್ಟದಿಂದ ಹೊರಟ ಕಾರು ಸಿಲ್ಕ್ ಬೋರ್ಡ್‌ನ ಬಳಿ ತೆವಳುತ್ತಿರುವಾಗ ಇತ್ತ ಚಾಮರಾಜಪೇಟೆಯಲ್ಲಿ ಕಛೇರಿಯ ಆರಂಭಕ್ಕೆ ಹಾಡುವ ವರ್ಣ ಮುಗಿದು, ಎರಡು ಕೃತಿಗಳೂ ಮುಗಿದಿರುತ್ತವೆ. ಆದ್ದರಿಂದ ರಾಮನವಮಿಯ ಸಂಗೀತೋತ್ಸವಗಳ ಕಾಲದಲ್ಲಿ ಬರುವವರು ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು: ಯಾವ ಸಂಜೆ ಯಾರ ಕಛೇರಿ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆ ಸಂಜೆಗೆ ಹೊಂದುವಂತೆ ಹಗಲಿನ ಓಡಾಟವನ್ನು ಕಟ್ಟಬೇಕು. ಊರಿನ ಹಳೆಯ ಭಾಗಗಳಲ್ಲೇ ಉಳಿದುಕೊಂಡರೆ ಇದು ಸುಲಭ. ಕೋಟೆ, ಪೇಟೆ, ಚಾಮರಾಜಪೇಟೆ, ಬಸವನಗುಡಿ, ಲಾಲ್‌ಬಾಗ್ ಇವೆಲ್ಲವೂ ಒಂದರ ಮಗ್ಗುಲಲ್ಲಿ ಒಂದಿದ್ದು, ಮೆಟ್ರೊದ ಹಸಿರು ಮಾರ್ಗ ಇವುಗಳ ನಡುವೆಯೇ ಹಾದುಹೋಗುತ್ತದೆ.

ದಿನಾಂಕವನ್ನು ಗೊತ್ತುಮಾಡುವುದು

ಈ ಪ್ರವಾಸದ ಮೊದಲ ಕೆಲಸವನ್ನು ಗೋಡೆಯ ಕ್ಯಾಲೆಂಡರಿಗಿಂತ ಪಂಚಾಂಗದ ಮುಂದೆ ಕುಳಿತು ಮಾಡುವುದು ಒಳ್ಳೆಯದು. ಚಾಂದ್ರಮಾನ ವರ್ಷ ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ರಾಮನವಮಿ ಪ್ರತಿವರ್ಷ ಅಷ್ಟು ಹಿಂದಕ್ಕೆ ಸರಿಯುತ್ತದೆ. ಅಧಿಕಮಾಸ ಬಂದ ಮೇಲೆ ಮತ್ತೆ ಮುಂದಕ್ಕೆ ಜಿಗಿಯುತ್ತದೆ. 2024ರಲ್ಲಿ ಏಪ್ರಿಲ್ 17ರಂದು ಬಂದ ಹಬ್ಬ 2025ರಲ್ಲಿ ಏಪ್ರಿಲ್ 6ಕ್ಕೆ ಬಂತು. 2026ರಲ್ಲಿ ಅದು ಮಾರ್ಚ್ ಕೊನೆಯ ವಾರಕ್ಕೆ ಬೀಳುತ್ತದೆ. ಆ ವರ್ಷ ಅಧಿಕ ಜ್ಯೇಷ್ಠವಿರುವುದರಿಂದ 2027ರಲ್ಲಿ ಮತ್ತೆ ಏಪ್ರಿಲ್ ನಡುವಿಗೆ ಹೋಗುತ್ತದೆ. ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತು ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಹಬ್ಬ ಬೇಗ ಬರುವ ವರ್ಷಗಳಲ್ಲಿ ಉತ್ಸವದ ಕೊನೆಯ ಹತ್ತು ದಿನಗಳನ್ನೂ, ತಡವಾಗಿ ಬರುವ ವರ್ಷಗಳಲ್ಲಿ ಅದರ ಆರಂಭವನ್ನೂ ಹಿಡಿಯುವುದು ಕುಟುಂಬದವರಿಗೆ ಅನುಕೂಲ.

ಈ ಸರಿಹೊಂದಿಸುವಿಕೆ ಸಾಧ್ಯವಾಗುವುದು ಬೆಂಗಳೂರಿನ ರಾಮೋತ್ಸವ ಒಂದು ದಿನದ್ದಲ್ಲವಾದ್ದರಿಂದ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯನ್ನು ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಕಟ್ಟಿದರು; ಅದರ ಉತ್ಸವ ಇಂದು ಸುಮಾರು ಒಂದು ತಿಂಗಳ ಕಾಲ ನಡೆಯುತ್ತದೆ. ಹಲವು ದಶಕಗಳಿಂದ ಕೋಟೆ ಹೈಸ್ಕೂಲಿನ ಮೈದಾನವೇ ಅದರ ಜಾಗವಾಗಿದೆ. ಕರ್ನಾಟಕ ಸಂಗೀತವೇ ಅದರ ಬೆನ್ನೆಲುಬಾದರೂ ಹಿಂದೂಸ್ತಾನಿ ಗಾಯನ, ವಾದನಗಳಿಗೂ ಅಲ್ಲಿ ಜಾಗವುಂಟು. ಇದಲ್ಲದೆ ಮಲ್ಲೇಶ್ವರ, ಶೇಷಾದ್ರಿಪುರ, ರಾಜಾಜಿನಗರ, ಜಯನಗರಗಳ ಸಮಿತಿಗಳೂ ದೇವಸ್ಥಾನಗಳೂ ತಮ್ಮ ತಮ್ಮ ಪಾಡಿಗೆ ವಾರ, ಹತ್ತು ದಿನಗಳ ಕಛೇರಿಗಳನ್ನು ಏರ್ಪಡಿಸುತ್ತವೆ. ಒಬ್ಬರೇ ವಿದ್ವಾಂಸರು ಅದೇ ವಾರದಲ್ಲಿ ಎರಡು ಕಡೆ ಹಾಡುವುದೂ ಅಪರೂಪವಲ್ಲ. ದೊಡ್ಡ ಚಪ್ಪರದಲ್ಲಿ ದೂರದಿಂದ ಕಂಡವರನ್ನು ಚಿಕ್ಕ ರಾಮಮಂದಿರವೊಂದರಲ್ಲಿ ಹತ್ತಡಿ ಅಂತರದಲ್ಲಿ ಕೇಳುವ ಅವಕಾಶ ಬಂದರೆ ಎರಡನೆಯದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಕಾರ್ಯಕ್ರಮ ಪಟ್ಟಿಗಳು ಸಾಮಾನ್ಯವಾಗಿ ಯುಗಾದಿಗೆ ಕೆಲವು ವಾರ ಮುಂಚೆ ಹೊರಬೀಳುತ್ತವೆ. ಪಟ್ಟಿ ಕೈಗೆ ಬಂದಾಗ ಮುಖ್ಯ ಕಲಾವಿದರ ಹೆಸರನ್ನಷ್ಟೇ ನೋಡದೆ ಪಕ್ಕವಾದ್ಯದವರ ಸಾಲನ್ನೂ ಓದಬೇಕು. ಒಳ್ಳೆಯ ಪಿಟೀಲು, ಮೃದಂಗ, ಘಟ ಅಥವಾ ಮೋರ್ಸಿಂಗ್ ಇರುವ ಕಛೇರಿಯಲ್ಲಿ ಗಾಯನ ಸಾಧಾರಣವಾಗಿದ್ದರೂ ಸಂಜೆ ವ್ಯರ್ಥವಾಗುವುದಿಲ್ಲ. ವಾರಾಂತ್ಯಕ್ಕೆ ಹೆಸರಾಂತ ಕಲಾವಿದರನ್ನು ಹಾಕುವ ರೂಢಿಯಿರುವುದರಿಂದ ಶನಿವಾರ, ಭಾನುವಾರಗಳ ಟಿಕೆಟ್ಟನ್ನು ಮುಂಗಡವಾಗಿ ತೆಗೆದುಕೊಂಡು, ಮಂಗಳವಾರವೋ ಬುಧವಾರವೋ ಹೆಚ್ಚು ಪರಿಚಿತರಲ್ಲದವರ ಕಛೇರಿಗೆ ಒಂದು ಸಂಜೆಯನ್ನು ಮೀಸಲಿಡುವುದು ಜಾಣತನ. ಸ್ಥಳ ಮತ್ತು ಸಮಯವನ್ನು ಆ ವರ್ಷದ ಪಟ್ಟಿಯಿಂದಲೇ ಖಚಿತಪಡಿಸಿಕೊಳ್ಳಿ. ಹಳೆಯ ನೆನಪನ್ನು ನಂಬಬೇಡಿ.

ಇಳಿದುಕೊಳ್ಳುವುದು ಮತ್ತು ಓಡಾಟ

ರಾಜ್ಯದ ಯಾವ ಮೂಲೆಯಿಂದ ರೈಲಿನಲ್ಲಿ ಬಂದರೂ ಬಹುಮಟ್ಟಿಗೆ ಮೆಜೆಸ್ಟಿಕ್‌ನಲ್ಲೇ ಇಳಿಯುತ್ತೀರಿ. ಅಲ್ಲಿಂದ ದಕ್ಷಿಣಕ್ಕೆ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ವೃತ್ತ, ಜಯನಗರ ಎಂದು ನಿಲ್ದಾಣಗಳು ಸಾಲಾಗಿ ಬರುತ್ತವೆ. ಉತ್ತರಕ್ಕೆ ಒಂದೇ ನಿಲ್ದಾಣ ದಾಟಿದರೆ ಮಲ್ಲೇಶ್ವರದ ಬಾಗಿಲಾದ ಸಂಪಿಗೆ ರಸ್ತೆ. ನ್ಯಾಷನಲ್ ಕಾಲೇಜಿನಿಂದ ಜಯನಗರದವರೆಗಿನ ಯಾವ ನಿಲ್ದಾಣಕ್ಕೆ ಹತ್ತಿರದ ವಸತಿಯಾದರೂ ಸರಿಯೇ. ಎಂ.ಜಿ. ರಸ್ತೆಯ ಕಡೆ ಅಗ್ಗದ ಕೊಠಡಿ ಸಿಕ್ಕಿತೆಂದು ಅಲ್ಲಿ ಇಳಿದುಕೊಂಡರೆ ಕಛೇರಿ ಮುಗಿದು ರಾತ್ರಿ ಹತ್ತರ ಮೇಲೆ ಆಟೊ ಹುಡುಕುವ ಪಾಡು ಬರುತ್ತದೆ. ಕೊನೆಯ ಮೆಟ್ರೊ ಎಷ್ಟು ಹೊತ್ತಿಗೆ ಎಂಬುದನ್ನು ಬಂದ ದಿನವೇ ನಿಲ್ದಾಣದಲ್ಲಿ ವಿಚಾರಿಸಿಟ್ಟುಕೊಳ್ಳಿ. ಮೃದಂಗದವರು ಹುರುಪಿನಲ್ಲಿದ್ದರೆ ಮಂಗಳ ಹಾಡುವ ಹೊತ್ತು ಯಾರ ಹಿಡಿತದಲ್ಲೂ ಇರುವುದಿಲ್ಲ.

ಬಿಸಿಲಿನ ವಿಚಾರದಲ್ಲಿ ಬೆಂಗಳೂರು ಈಗ ಹಿಂದಿನ ಬೆಂಗಳೂರಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೂ 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಹನ್ನೊಂದರಿಂದ ನಾಲ್ಕರವರೆಗೆ ಬಯಲಿನಲ್ಲಿ ತಿರುಗುವ ಯೋಜನೆಯನ್ನೇ ಹಾಕಬಾರದು. ಏಪ್ರಿಲ್ ಎರಡನೆಯ ವಾರದಿಂದ ಸಂಜೆ ನಾಲ್ಕರಿಂದ ಏಳರ ನಡುವೆ ಗುಡುಗು ಸಹಿತ ಮಾವಿನ ಮಳೆ ಹುಯ್ಯುವುದುಂಟು; ಕಛೇರಿಗೆ ಹೊರಡುವ ಸರಿಯಾದ ಹೊತ್ತಿಗೇ ಅದು ಬರುತ್ತದೆ. ಕೊಡೆಯನ್ನು ಚೀಲದಲ್ಲಿಟ್ಟುಕೊಂಡು, ಅರ್ಧ ಗಂಟೆ ಮೊದಲೇ ಹೊರಡಿ.

ಹಗಲನ್ನು ಕಟ್ಟುವುದು

ಬೆಳಗಿನ ಹೊತ್ತನ್ನು ಲಾಲ್‌ಬಾಗಿಗೆ ಕೊಡಿ. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ ಇಂದು 240 ಎಕರೆಗಳಷ್ಟಿದೆ. ಬೆಳಗ್ಗೆ ಆರಕ್ಕೇ ಬಾಗಿಲು ತೆರೆಯುತ್ತದೆ. ಫಲಪುಷ್ಪ ಪ್ರದರ್ಶನ ಜನವರಿ ಮತ್ತು ಆಗಸ್ಟ್ ತಿಂಗಳುಗಳದ್ದಾದ್ದರಿಂದ ಬೇಸಿಗೆಯಲ್ಲಿ ಗಾಜಿನ ಮನೆ ಖಾಲಿಯಿರುತ್ತದೆ. ಇದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ, 1889ರಲ್ಲಿ ಶಂಕುಸ್ಥಾಪನೆಯಾದ ಆ ಕಬ್ಬಿಣದ ಕಟ್ಟಡವನ್ನು ಜನರ ನೂಕುನುಗ್ಗಲಿಲ್ಲದೆ ನೋಡಲು ಇದೇ ತಕ್ಕ ಕಾಲ. ಕೆಂಪೇಗೌಡರ ಗೋಪುರವಿರುವ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದು; ಬಿಸಿಲೇರಿದ ಮೇಲೆ ಕಾಲಿಡಲಾಗದಷ್ಟು ಕಾಯುತ್ತದೆ, ಆದ್ದರಿಂದ ಮೊದಲು ಅದನ್ನು ಹತ್ತಿ, ಆಮೇಲೆ ಮರಗಳ ನೆರಳಿಗೆ ಇಳಿಯಿರಿ. ತಿಂಡಿಯ ವಿಚಾರದಲ್ಲಿ ವಾರದ ದಿನವನ್ನು ನೋಡಿಕೊಳ್ಳಬೇಕು: 1924ರಿಂದ ಇರುವ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ, 1943ರಿಂದ ಗಾಂಧಿಬಜಾರಿನಲ್ಲಿರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ.

ಮಧ್ಯಾಹ್ನಕ್ಕೆ ಸೂರಿನ ಕೆಳಗಿನ ಜಾಗ ಬೇಕು. ಮಕ್ಕಳಿದ್ದರೆ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಎಂಬ ಸಂಗೀತ ವಸ್ತುಸಂಗ್ರಹಾಲಯಕ್ಕಿಂತ ತಕ್ಕದ್ದು ಇನ್ನೊಂದಿಲ್ಲ. 2019ರಲ್ಲಿ ತೆರೆದ ಇಲ್ಲಿ ಶಾಸ್ತ್ರೀಯ ಸಂಗೀತದಿಂದ ಜನಪದ, ಸಿನಿಮಾ ಸಂಗೀತದವರೆಗಿನ ವಿಭಾಗಗಳಿದ್ದು, ಹೊರಗಿನ ಅಂಗಳದಲ್ಲಿ ಮಕ್ಕಳು ತಾವೇ ಬಡಿದು ನಾದವೆಬ್ಬಿಸಬಹುದಾದ ಸಾಧನಗಳಿವೆ. ಹಸಿರು ಮಾರ್ಗದಲ್ಲಿ ಜೆ.ಪಿ. ನಗರ ಅಥವಾ ಯಲಚೇನಹಳ್ಳಿಯವರೆಗೆ ಹೋಗಿ ಆಟೊ ಹಿಡಿಯಬಹುದು. ಇದಕ್ಕೂ ಸೋಮವಾರ ರಜೆಯಾದ್ದರಿಂದ ಸೋಮವಾರವನ್ನು ಪೇಟೆ ಸುತ್ತಲು ಇಟ್ಟುಕೊಳ್ಳಿ.

ಆ ಪೇಟೆ ಸುತ್ತಾಟವೇ ಈ ಪ್ರವಾಸದ ಅತ್ಯಂತ ರುಚಿಕಟ್ಟಾದ ಭಾಗವೆಂದು ನನಗನಿಸುತ್ತದೆ. ಚಿಕ್ಕಪೇಟೆ ನಿಲ್ದಾಣದಿಂದ ನಡೆದುಹೋಗುವಷ್ಟು ದೂರದಲ್ಲಿರುವ ಬಳೇಪೇಟೆಯಲ್ಲಿ ವಾದ್ಯಗಳ ಅಂಗಡಿಗಳು ಸಾಲಾಗಿವೆ. ವೀಣೆ, ತಂಬೂರಿ, ಹಾರ್ಮೋನಿಯಂ, ತಬಲ, ನಾಗಸ್ವರ, ಡೋಲು, ಭಜನಾ ಮಂಡಳಿಗಳ ತಾಳ ಎಲ್ಲವೂ ಒಂದೇ ಬೀದಿಯಲ್ಲಿ ನೇತಾಡುತ್ತಿರುತ್ತವೆ. ಕೊಳ್ಳಲೇಬೇಕೆಂಬ ಸಂಕೋಚ ಬೇಡ. ಗಿರಾಕಿಗಳ ಗದ್ದಲವಿಲ್ಲದ ಹೊತ್ತಿನಲ್ಲಿ ವಿನಯದಿಂದ ಕೇಳಿದರೆ ತೋರಿಸುತ್ತಾರೆ. ಮೃದಂಗವೊಂದನ್ನು ಹತ್ತಿರದಿಂದ ನೋಡಿ. ಅದರ ಬಲಮುಚ್ಚಿಗೆಯ ನಡುವಿನ ಕಪ್ಪು ಕರಣೆ ಬಣ್ಣವಲ್ಲ. ಕಿಟ್ಟವೆಂಬ ಕಪ್ಪು ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ತೆಳುವಾದ ಪದರವೊಂದನ್ನು ಹಚ್ಚಿ, ನುಣುಪಾದ ಕಲ್ಲಿನಿಂದ ಉಜ್ಜಿ ಒಣಗಿಸಿ, ಮತ್ತೆ ಹಚ್ಚಿ, ಹೀಗೆ ಪದರದ ಮೇಲೆ ಪದರ ಕಟ್ಟಿದ್ದು. ಬಲಗಡೆಯಿಂದ ಖಚಿತವಾದ ಶ್ರುತಿ ಹುಟ್ಟುವುದು ಈ ಕರಣೆಯಿಂದಲೇ. ಎಡಮುಚ್ಚಿಗೆಗೆ ಅಂಥದ್ದಿರುವುದಿಲ್ಲ, ಕಛೇರಿಗೆ ಮೊದಲು ನೆನೆಸಿದ ರವೆಯನ್ನು ಉಂಡೆ ಮಾಡಿ ಅಲ್ಲಿ ಮೆತ್ತುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಬೆಳಗ್ಗೆ ಇದನ್ನು ಕಂಡ ಮಗು ಸಂಜೆ ವೇದಿಕೆಯ ಮೇಲೆ ಮೃದಂಗದವರು ಸಣ್ಣ ಕಲ್ಲಿನಿಂದ ಅಂಚನ್ನು ತಟ್ಟಿ ಶ್ರುತಿ ಸೇರಿಸುವುದನ್ನು ಸುಮ್ಮನೆ ನೋಡುವುದಿಲ್ಲ, ಪಕ್ಕದಲ್ಲಿ ಕುಳಿತವರಿಗೆ ವಿವರಿಸತೊಡಗುತ್ತದೆ. ಮಳೆಯ ತೇವಕ್ಕೆ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ ಎಂಬುದನ್ನೂ ತಿಳಿಸಿಟ್ಟರೆ, ಮಾವಿನ ಮಳೆಯ ಸಂಜೆ ಕಲಾವಿದರು ಮತ್ತೆ ಮತ್ತೆ ತಟ್ಟುವುದರ ಕಾರಣವೂ ತಿಳಿಯುತ್ತದೆ.

ಬಳೇಪೇಟೆಯಿಂದ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ಸಾಲನ್ನು ಹಾದು ದಕ್ಷಿಣಕ್ಕೆ ಬಂದರೆ ಕೆ.ಆರ್. ಮಾರುಕಟ್ಟೆ, ಅದರಾಚೆಗೆ ಕೋಟೆಯ ಉಳಿದ ತುಣುಕು, ಟಿಪ್ಪುವಿನ ಬೇಸಿಗೆ ಅರಮನೆ, ಅದಕ್ಕೆ ಅಂಟಿಕೊಂಡಂತೆ ಕೋಟೆ ವೆಂಕಟರಮಣ ದೇವಾಲಯ. ಅರಮನೆಯ ಕೆಲಸವನ್ನು 1781ರಲ್ಲಿ ಹೈದರಾಲಿ ಶುರುಮಾಡಿಸಿದನು, 1791ರಲ್ಲಿ ಟಿಪ್ಪು ಮುಗಿಸಿದನು. ಕೋಟೆ ಕಾರ್ನ್‌ವಾಲಿಸನ ಸೈನ್ಯದ ವಶವಾದದ್ದೂ ಅದೇ 1791ರ ಮಾರ್ಚಿನಲ್ಲಿ. ತೇಗದ ಕಂಬಗಳ ಈ ಎರಡಂತಸ್ತಿನ ಕಟ್ಟಡದಲ್ಲಿ ಮುಂದೆ 1868ರವರೆಗೆ ಸರ್ಕಾರದ ಸಚಿವಾಲಯವಿತ್ತು. ತೆರೆದ ಪಡಸಾಲೆಯೊಳಗೆ ಗಾಳಿ ಸುಳಿಯುವುದರಿಂದ ಮಧ್ಯಾಹ್ನ ಮೂರರ ಹೊತ್ತಿಗೂ ಅಲ್ಲಿ ನಿಲ್ಲಬಹುದು. ಅಲ್ಲಿಂದ ಕೋಟೆ ಹೈಸ್ಕೂಲಿನ ಮೈದಾನಕ್ಕೆ ವಾಹನ ಬೇಕಿಲ್ಲ, ನಡೆದೇ ಹೋಗಬಹುದು. ನಡುವೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ, ಕಾಫಿ ಮುಗಿಸಿಕೊಂಡರೆ ರಾತ್ರಿಯವರೆಗೆ ಹೊಟ್ಟೆಯ ಚಿಂತೆಯಿಲ್ಲ. ವಿ.ವಿ. ಪುರದ ತಿಂಡಿ ಬೀದಿಯನ್ನು ಕಛೇರಿಯ ನಂತರಕ್ಕೆ ಉಳಿಸಿಕೊಳ್ಳಿ. ಬೀದಿ ಕಳೆಕಟ್ಟುವುದು ಕತ್ತಲಾದ ಮೇಲೆಯೇ.

ರಾಮನವಮಿಯ ದಿನವೇ ಊರಿನಲ್ಲಿದ್ದರೆ ಬೆಳಗಿನ ಯೋಜನೆಯನ್ನೆಲ್ಲ ಬದಿಗಿಟ್ಟು ಹತ್ತರ ನಂತರ ಬಸವನಗುಡಿ ಅಥವಾ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ನಡೆದಾಡಿ. ಆಂಜನೇಯನ ಗುಡಿಗಳ ಮುಂದೆ, ಆಟೊ ನಿಲ್ದಾಣಗಳ ಚಪ್ಪರಗಳಲ್ಲಿ, ಮನೆಗಳ ಗೇಟಿನ ಬಳಿ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿಯನ್ನು ದಾರಿಹೋಕರಿಗೆಲ್ಲ ಹಂಚುತ್ತಾರೆ. ಬೆಲ್ಲ, ಏಲಕ್ಕಿ, ಶುಂಠಿಯ ಪಾನಕ ಒಂದು ಬೀದಿಯದಾದರೆ ಕರಬೂಜದ ಪಾನಕ ಮುಂದಿನ ಬೀದಿಯದು. ಆ ದಿನ ಮಧ್ಯಾಹ್ನದ ಊಟಕ್ಕೆ ಹೋಟೆಲಿನಲ್ಲಿ ಮೇಜು ಕಾಯ್ದಿರಿಸುವುದು ದಂಡ.

ಚಪ್ಪರದೊಳಗೆ

ಮುಖ್ಯ ಕಛೇರಿ ಸಂಜೆ ಸುಮಾರು ಆರೂವರೆಯ ಹೊತ್ತಿಗೆ ಆರಂಭವಾಗಿ ಮೂರು ಗಂಟೆಗಳ ಆಸುಪಾಸು ನಡೆಯುತ್ತದೆ. ಮೊದಲ ಬಾರಿಗೆ ಬರುವವರಿಗೆ ಅದರ ನಡೆ ಗೊತ್ತಿದ್ದರೆ ಎದ್ದುಹೋಗುವ, ಬರುವ ಹೊತ್ತನ್ನು ತಾವೇ ಲೆಕ್ಕ ಹಾಕಿಕೊಳ್ಳಬಹುದು. ವರ್ಣದಿಂದ ಶುರುವಾಗಿ ಒಂದೆರಡು ಚಿಕ್ಕ ಕೃತಿಗಳು, ಅನಂತರ ಆಲಾಪನೆಯೊಡನೆ ಕೊಂಚ ವಿಸ್ತಾರವಾದವು, ನಡುವೆ ಅಥವಾ ಕೊನೆಯ ಮೂರನೆಯ ಭಾಗದಲ್ಲಿ ಮುಖ್ಯ ಕೃತಿಯೋ ರಾಗ ತಾನ ಪಲ್ಲವಿಯೋ, ಅದರ ತುದಿಗೆ ಹಾಡು ನಿಂತು ಮೃದಂಗದವರು ತಾವೇ ನುಡಿಸುವ ತನಿ ಆವರ್ತನ, ಆಮೇಲೆ ದೇವರನಾಮ, ತಿಲ್ಲಾನ, ಮಂಗಳ. ತನಿ ಶುರುವಾದೊಡನೆ ಕುರ್ಚಿ ಸರಿಸಿ ಕಾಫಿಗೆ ಹೊರಡುವ ಕೆಟ್ಟ ಅಭ್ಯಾಸ ಹಳೆಯ ರಸಿಕರಲ್ಲೂ ಉಂಟು; ಅದನ್ನು ಅನುಕರಿಸಬೇಡಿ. ಎರಡೂವರೆ ಗಂಟೆ ಹಾಡನ್ನು ಹೊತ್ತು ನಡೆದ ಕಲಾವಿದರಿಗೆ ಸಿಗುವ ಹದಿನೈದು ನಿಮಿಷ ಅದು. ಏಳಲೇಬೇಕಾದರೆ ಒಂದು ಕೃತಿ ಮುಗಿದು ಇನ್ನೊಂದು ಶುರುವಾಗುವ ಎಡೆಯಲ್ಲಿ ಏಳಿ.

ಸಣ್ಣ ಮಕ್ಕಳೊಡನೆ ಬಂದವರು ಮೂರೂ ಗಂಟೆ ಕೂರಬೇಕೆಂದು ಹಟ ಹಿಡಿಯಬಾರದು. ಅಂಚಿನ ಕುರ್ಚಿಗಳಲ್ಲಿ ಕುಳಿತು, ಮೊದಲ ಒಂದೂವರೆ ಗಂಟೆ ಕೇಳಿ ಹೊರಟರೂ ತಪ್ಪಿಲ್ಲ. ಆದರೆ ಕನ್ನಡದ ಮಕ್ಕಳಿಗೆ ಪದಗಳು ಕೈಗೆ ಸಿಗುವುದು ಕೊನೆಯಲ್ಲಿ ಬರುವ ದೇವರನಾಮಗಳಲ್ಲಿ. ಆ ಕಾರಣಕ್ಕೆ ಒಂದು ಸಂಜೆಯಾದರೂ ತಡವಾಗಿ ಹೋಗಿ ಕೊನೆಯವರೆಗೆ ಇರುವಂತೆ ಯೋಜಿಸುವುದು ಲೇಸು. ಚಪ್ಪರದಲ್ಲಿ ಧ್ವನಿವರ್ಧಕಗಳ ನೇರ ಎದುರಿಗೆ ಕೂರುವುದಕ್ಕಿಂತ ನಡುಭಾಗದಲ್ಲಿ ಏಳೆಂಟು ಸಾಲು ಹಿಂದಕ್ಕೆ ಕುಳಿತರೆ ತಂಬೂರಿಯ ನಾದವೂ ಕೇಳಿಸುತ್ತದೆ. ಹತ್ತಿಯ ಬಟ್ಟೆ, ಬೀಸಣಿಗೆ, ನೀರಿನ ಬಾಟಲಿ, ಸೊಳ್ಳೆಗೆ ಹಚ್ಚಿಕೊಳ್ಳುವ ಮುಲಾಮು ಇವಿಷ್ಟು ಕೈಚೀಲದಲ್ಲಿರಲಿ.

ಕರಗದ ರಾತ್ರಿ

ರಾಮನವಮಿಯಾದ ಆರೇಳು ದಿನಗಳಿಗೆ ಚೈತ್ರ ಪೂರ್ಣಿಮೆ. ಅಂದು ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಬೆಂಗಳೂರು ಕರಗ ಹೊರಡುತ್ತದೆ. ಒಂದೇ ಪ್ರವಾಸದಲ್ಲಿ ರಾಮೋತ್ಸವ ಮತ್ತು ಕರಗ ಎರಡನ್ನೂ ಹಿಡಿಯಬೇಕೆಂದರೆ ಈ ಒಂದು ವಾರವೇ ಸರಿ. ಚಪ್ಪರದ ಸಂಗೀತವನ್ನಷ್ಟೇ ಕೇಳಿ ಊರಿಗೆ ಮರಳಿದವರು ಬೆಂಗಳೂರಿನ ನಾದದ ಅರ್ಧವನ್ನು ಮಾತ್ರ ಕೇಳಿದಂತೆ. ಇಲ್ಲಿ ನಾಗಸ್ವರ, ತಮಟೆ, ಗಂಟೆಗಳ ಸದ್ದು, ಕರಗಕ್ಕೆ ಬೆಂಗಾವಲಾಗಿ ಕತ್ತಿ ಹಿರಿದ ವೀರಕುಮಾರರ ಗೋವಿಂದ ನಾಮಸ್ಮರಣೆ ಇವೆಲ್ಲ ಇಕ್ಕಟ್ಟಾದ ಪೇಟೆಯ ಗೋಡೆಗಳ ನಡುವೆ ಒಟ್ಟಿಗೇ ಮೊಳಗುತ್ತವೆ. ತಿಗಳ ಸಮುದಾಯದ ಅರ್ಚಕರು ಹೆಣ್ಣಿನ ಉಡುಗೆಯುಟ್ಟು, ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ಕೈಯಿಂದ ಮುಟ್ಟದೆ ತಲೆಯ ಮೇಲೆ ಹೊತ್ತು ಸಾಗುತ್ತಾರೆ. ದಾರಿಯಲ್ಲಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಕರಗ ಹೋಗಿಬರುತ್ತದೆ.

ಇದನ್ನು ನೋಡಲು ಬೇಕಾದದ್ದು ತಾಳ್ಮೆ. ದೇವಾಲಯದಿಂದ ಕರಗ ಹೊರಡುವುದು ಮಧ್ಯರಾತ್ರಿ ದಾಟಿದ ಮೇಲೆ, ಪೇಟೆ ಸುತ್ತಿ ಮರಳುವುದು ಬೆಳಗಾದ ನಂತರ. ನಿಖರವಾದ ಗಳಿಗೆಯನ್ನು ಯಾರೂ ಹೇಳಲಾರರು. ದೇವಾಲಯದ ಬಾಗಿಲ ನೂಕುನುಗ್ಗಲಿಗೆ ಮಕ್ಕಳನ್ನೂ ವಯಸ್ಸಾದವರನ್ನೂ ಕರೆದೊಯ್ಯಬೇಡಿ. ಹಿಂದಿನ ದಿನ ಹಗಲಿನಲ್ಲೇ ಪೇಟೆಯನ್ನು ಸುತ್ತಿ, ಮೆರವಣಿಗೆಯ ದಾರಿಯಲ್ಲಿ ಅಗಲವಾದ ಜಗಲಿಯಿರುವ ಜಾಗವೊಂದನ್ನು ನೋಡಿಟ್ಟುಕೊಳ್ಳಿ. ಅಂಗಡಿಯವರನ್ನು ಕೇಳಿದರೆ ಕರಗ ಯಾವ ಬೀದಿಗೆ ಸುಮಾರು ಯಾವಾಗ ಬರುತ್ತದೆಂದು ಅನುಭವದಿಂದ ಹೇಳುತ್ತಾರೆ. ಆ ಸಂಜೆ ಕಛೇರಿಯನ್ನು ಬಿಟ್ಟು ನಿದ್ದೆ ಮಾಡಿ, ಹನ್ನೆರಡರ ಹೊತ್ತಿಗೆ ಎದ್ದು ಹೊರಡುವುದು ಒಳ್ಳೆಯದು. ಆ ಹೊತ್ತಿನಲ್ಲಿ ಮೆಟ್ರೊ ನೆಚ್ಚಿಕೊಳ್ಳುವಂತಿಲ್ಲ, ಪೇಟೆಯೊಳಗೆ ಕಾರು ಹೋಗುವುದಿಲ್ಲ. ಪೇಟೆಗೆ ನಡೆದುಬರಬಹುದಾದ ವಸತಿಯಿದ್ದರೆ ಮಾತ್ರ ಈ ರಾತ್ರಿಯನ್ನು ಯೋಜನೆಯಲ್ಲಿ ಸೇರಿಸಿ. ಚಿತ್ರ ತೆಗೆಯುವವರು ಫ್ಲ್ಯಾಶ್ ಹಾಕಬಾರದು, ವೀರಕುಮಾರರ ಸಾಲಿನೊಳಗೆ ನುಗ್ಗಬಾರದು. ಅವರ ಕೈಯಲ್ಲಿರುವುದು ನಿಜವಾದ ಕತ್ತಿ.

ಉತ್ಸವ ಮುಗಿದ ಮೇಲೆ ಬರುವವರು

ಮೇ ತಿಂಗಳಲ್ಲಷ್ಟೇ ರಜೆ ಸಿಗುವವರಿಗೆ ಚಪ್ಪರಗಳು ಬಿಚ್ಚಿರುತ್ತವೆ, ಆದರೆ ಸಂಗೀತ ಸಭೆಗಳ ಬಾಗಿಲು ಮುಚ್ಚಿರುವುದಿಲ್ಲ. 1905ರಲ್ಲಿ ಆರಂಭವಾದ ಬೆಂಗಳೂರು ಗಾಯನ ಸಮಾಜ ಕೆ.ಆರ್. ರಸ್ತೆಯಲ್ಲಿದೆ, 1945ರಿಂದ ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲಿ ಸಂಜೆಯ ಕಾರ್ಯಕ್ರಮಗಳಿಗೆ ಪ್ರವೇಶ ಉಚಿತ. ವೈಯಾಲಿಕಾವಲ್ ಬಳಿಯ ಚೌಡಯ್ಯ ಸ್ಮಾರಕ ಭವನವನ್ನು ಕಾರ್ಯಕ್ರಮವಿಲ್ಲದಿದ್ದರೂ ಹೊರಗಿನಿಂದ ನೋಡಿ ಬರಬಹುದು. ಏಳು ತಂತಿಗಳ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ನೆನಪಿಗೆ 1980ರಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಕಟ್ಟಡವದು. ಬೆಂಗಳೂರಿಗೆ ರಾಕ್ ಸಂಗೀತದ ದೀರ್ಘ ಇತಿಹಾಸವೂ ಉಂಟು, ಆದರೆ ಅದರ ಹಾದಿ, ಹೊತ್ತು, ಪೇಟೆ ಎಲ್ಲವೂ ಬೇರೆ.

ಮೇ ತಿಂಗಳಲ್ಲಿ ಬರುವವರಿಗೆ ಇನ್ನೊಂದು ಲಾಭವೆಂದರೆ ಮಾವು. ರಾಮನಗರದ ಕಡೆಯ ಹಣ್ಣು ಮೊದಲು ಬರುತ್ತದೆ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ್ದು ತುಸು ತಡವಾಗಿ. ರಾಮನವಮಿಯ ಹೊತ್ತಿಗೆ ಮಾರುಕಟ್ಟೆಯಲ್ಲಿ ಬಣ್ಣವಿದ್ದರೂ ರುಚಿಯಿರುವುದಿಲ್ಲ. ರಸಪುರಿ, ಬಾದಾಮಿ ಸರಿಯಾಗಿ ಹಣ್ಣಾಗಿ ಸಿಗುವುದು ಮೇ ನಡುವಿನಿಂದ, ಮಲ್ಲಿಕಾ ಅದಕ್ಕೂ ನಂತರ. ರೈಲಿನಲ್ಲಿ ಒಯ್ಯುವವರು ಹಣ್ಣಾದದ್ದನ್ನು ಕೊಳ್ಳದೆ, ತೊಟ್ಟಿನ ಬಳಿ ಉಬ್ಬಿ ಬಲಿತ ಕಾಯಿಯನ್ನು ಆರಿಸಿ, ಹುಲ್ಲಿನೊಡನೆ ಪೆಟ್ಟಿಗೆಗೆ ತುಂಬಿಸಿಕೊಂಡರೆ ಊರು ಮುಟ್ಟಿದ ಮೂರು ನಾಲ್ಕು ದಿನಗಳಲ್ಲಿ ಹದವಾಗುತ್ತದೆ.